ಟೈಲರ್ ಮನೆಯ ಮೀನಿನ ಮೊಟ್ಟೆ

ನಮ್ಮ ಬೀದಿಯ ಪ್ರೇಮವಿವಾಹಗಳೆಲ್ಲ ಕುದುರಿದ್ದು ನನ್ನ ಕಣ್ಣಮುಂದೆಯೇ! ಸರಿ ಸರಿ, ಅರ್ಧ ಸುಳ್ಳು. ಉಳಿದ ಅರ್ಧದಲ್ಲಿ ಇದೂ ಒಂದು.

ರಕ್ತಪರೀಕ್ಷೆ ಲ್ಯಾಬಿನ ಹುಡುಗಿ ಮಹಾ ಸಿಡುಕಿ. ಅವಳು ಕಣ್ಣು ಬಿಟ್ಟರೆ ಅವಳ ಕೈಯ ಸೂಜಿಯೇ ನಡುಗಬೇಕು. ಒಂದು ದಿನ ಎದುರು ಸಾಲಿನ ಟೈಲರ್ ಬಂದು ಅವಳ ಮೇಜಿನ ಮೇಲೆ ಪುಟ್ಟ ಸೀಸೆಯಿಟ್ಟ.

"ಯಾರ ಸ್ಯಾಂಪಲ್?" ತಲೆ ಎತ್ತದೆಯೇ ಕೇಳಿದಳು.

"ನಮ್ಮ ಮೀನಿಂದು, ಮೇಡಂ."

ಆಗ ತಲೆ ಎತ್ತಿದಳು ನೋಡಿ... ಎತ್ತಿದ್ದನ್ನು ಇಳಿಸುವುದೇ ಮರೆತುಹೋಯಿತು.

ಅವನ ಮನೆಯ ಅಕ್ವೇರಿಯಂ ಗಾಜಿಗೆ ಲೋಳೆಯಂಥದ್ದು ಅಂಟಿದೆಯಂತೆ. ಒಳಗೆ ಸಾಸಿವೆಗಿಂತ ಸಣ್ಣ ಮೊಟ್ಟೆಗಳು. ಯಾವುದರ ಮೊಟ್ಟೆಯೋ ಗೊತ್ತಿಲ್ಲವಂತೆ.

"ಮೀನಿಂದೇ ಇರಬಹುದು ಅಂತ ಆಸೆ. ನಿಮ್ಮ ಮೈಕ್ರೋಸ್ಕೋಪಲ್ಲಿ ಒಂಚೂರು ನೋಡ್ತೀರಾ?"

"ಇದೇನು ಮೀನಿನ ಹೆರಿಗೆ ಆಸ್ಪತ್ರೆನಾ?" ಎಂದು ಗದರಿದಳು. ಗದರುತ್ತಲೇ ಒಂದು ಹನಿ ಲೋಳೆ ಗಾಜಿನ ಮೇಲಿಟ್ಟು ಕಣ್ಣು ಹಚ್ಚಿದಳು.

ತಿಳಿಯಾದ ಮೊಟ್ಟೆಯೊಳಗೆ ಒಂದು ಪುಟ್ಟ ಜೀವ ಮೆಲ್ಲಗೆ ತನ್ನ ಸುತ್ತ ತಾನೇ ತಿರುಗುತ್ತಿತ್ತು. ಬಸವನಹುಳು. ಓದುವಾಗ ನೋಡಿದ್ದಳು, ಅನುಮಾನವೇ ಇರಲಿಲ್ಲ.

'ಹೇಳಿದ್ರೆ ಸೀಸೆ ಎತ್ಕೊಂಡು ಹೋಗೇಬಿಡ್ತಾನಲ್ಲ...'

"ಈಗಲೇ ಹೇಳಕ್ಕಾಗಲ್ಲ. ನಾಳೆ ಬನ್ನಿ."

ಬಂದ. ಮರುದಿನವೂ ಬಂದ. ಬಂದು ಬಂದು, ಅಂಗಡಿಯಲ್ಲಿ ಹೊಲಿಯದ ಬಟ್ಟೆ ಚಾವಣಿ ಮುಟ್ಟಿತು.

"ಮೇಡಂ, ಬಾಲ ಬಡೀತಿದೆ!" ಮೈಕ್ರೋಸ್ಕೋಪಿಗೆ ಕಣ್ಣು ಹಚ್ಚಿ ಅವನೆಂದ.

"ಅದು ನಿಮ್ಮ ರೆಪ್ಪೆ ಕಣ್ರೀ. ಮಿಟುಕಿಸದೆ ನೋಡಿ."

"ನೀವು ಪಕ್ಕದಲ್ಲಿ ನಿಂತ್ರೆ ಹೇಗಾಗುತ್ತೆ?"

ಅವಳ ಕಿವಿ ಕೆಂಪಾಯಿತು.

ಆದರೆ ಮೊಟ್ಟೆಗಳು ಒಡೆದವು. ಚಿಪ್ಪು ಹೊತ್ತ ಮರಿಗಳು ಸೀಸೆಯ ಗೋಡೆ ಹತ್ತಿದವು. ಇನ್ನು ಮುಚ್ಚಿಡುವಂತಿರಲಿಲ್ಲ. 'ಇಷ್ಟು ದಿನ ಆಸೆ ತೋರಿಸಿ ಸುಳ್ಳು ಹೇಳಿದೆ. ಇನ್ನು ನನ್ನ ಮುಖ ನೋಡ್ತಾನಾ?'

ಎದೆ ಗಟ್ಟಿ ಮಾಡಿಕೊಂಡು ಸೀಸೆ ಹಿಡಿದು ಅವನ ಮನೆಗೇ ಹೋದಳು. ಬಾಗಿಲು ತೆಗೆದವಳು ಅವನ ಅಕ್ಕ. ನಿಮ್ಮ ಮೀನಿನ ವಿಷಯ ಮಾತಾಡಬೇಕಿತ್ತು ಎಂದಳು ಇವಳು.

"ಮೀನಾ? ಯಾವ ಮೀನಮ್ಮಾ? ಎಲ್ಲಾ ಹೋದ ವರ್ಷವೇ ಸತ್ತವು. ಈಗಿರೋದು ಬರೀ ಬಸವನಹುಳು."

ನಿಜವೇ. ತೊಟ್ಟಿಯಲ್ಲಿ ಒಂದು ಮೀನೂ ಇರಲಿಲ್ಲ.

ಕೊರಳಲ್ಲಿ ಅಳತೆ ಟೇಪು ಇಳಿಬಿಟ್ಟುಕೊಂಡು ಅವನು ಒಳಗಿನಿಂದ ಬಂದ. ಅವಳನ್ನು ಕಂಡು ಅಲ್ಲೇ ನಿಂತ.

"ನನ್ನ ಆಟ ಆಡಿಸಿದ್ರಾ?" ಸೀಸೆ ಎತ್ತಿ ತೋರಿಸಿ ಕೇಳಿದಳು.

"ಇನ್ನೇನಂತ ಬರಲಿ ರೀ? ದಿನಾ ರಕ್ತ ಕೊಟ್ಟಿದ್ರೆ ಸತ್ತೇ ಹೋಗ್ತಿದ್ದೆ." ಆಮೇಲೆ ಮೆಲ್ಲಗೆ, "ಇದು ಬಸವನಹುಳು ಅಂತ ನಿಮಗೆ ಯಾವತ್ತು ಗೊತ್ತಾಯ್ತು?"

"...ಮೊದಲನೇ ದಿನ."

ಅಕ್ಕ ಸೆರಗಿನಲ್ಲಿ ನಗು ಮುಚ್ಚಿಕೊಂಡು, ಟೀ ಇಡುತ್ತೇನೆಂದು ಅಡುಗೆಮನೆಗೆ ನಡೆದಳು.

"ಮೊಟ್ಟೆ ಒಡೀತಲ್ಲ," ಅವನೆಂದ. "ಇನ್ನು ನಾನು ಬರೋ ಹಾಗಿಲ್ವಾ?"

ಅವಳು ಸೀಸೆಯನ್ನು ಅವನ ಅಂಗೈಯಲ್ಲಿಟ್ಟಳು. ಕೈ ಮಾತ್ರ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

"ನೀವು ಬರೋದು ಬೇಡ. ನಾನೇ ಬಂದ್ಬಿಡ್ತೀನಿ."

"ಯಾವಾಗ?"

"ಕರೆದಾಗ."

ಅಕ್ಕ ಆ ಟೀಯನ್ನು ಎಷ್ಟು ಹೊತ್ತು ಕುದಿಸಿದಳು, ಅಷ್ಟರಲ್ಲಿ ಇಲ್ಲಿ ಏನೇನಾಯಿತು... ಎಲ್ಲವನ್ನೂ ನಾನೇ ಹೇಳಬೇಕೇ? ನೀವೇ ಊಹಿಸಿ ನೋಡೋಣ.