ಏಳನೇ ಧ್ವನಿ

ಗ್ರಂಥಾಲಯದ ಬೀಗ ಒಡೆದಿರಲಿಲ್ಲ. ಪುಸ್ತಕಗಳೆಲ್ಲ ಕಪಾಟಿನಲ್ಲೇ ಇದ್ದವು. ಆದರೂ ಗ್ರಂಥಾಲಯ ಸೂರೆಯಾಗಿತ್ತು.

ಮೊದಲು ಗೊತ್ತಾದದ್ದು ಸಂಗೀತದ ಮೇಷ್ಟ್ರಿಗೆ. ಅವರಿಗೆ ಕಣ್ಣು ಕಾಣದು. ದಿನಾ ಬೆಳಿಗ್ಗೆ ಬಂದು, ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತು, ಹೆಡ್‌ಫೋನ್ ಹಾಕಿಕೊಂಡು ಪುಸ್ತಕ ಕೇಳುವುದು ಅವರ ರೂಢಿ. ಅಂದು ಹೆಡ್‌ಫೋನ್ ಕಿತ್ತು ಕೂಗಿದರು.

"ಏನಮ್ಮಾ, ಇವತ್ತು ಪುಸ್ತಕಕ್ಕೇ ಗಂಟಲು ಕಟ್ಟಿದೆಯಲ್ಲ!"

ಗ್ರಂಥಪಾಲಕಿ ನಗುತ್ತಲೇ ಬಂದು ಪರದೆ ನೋಡಿದಳು. ನಗು ಅಲ್ಲೇ ನಿಂತಿತು. ಪುಸ್ತಕಗಳ ಪಟ್ಟಿ ಇಲ್ಲ. ಓದುಗರ ಹೆಸರಿಲ್ಲ. ಕಣ್ಣಿಲ್ಲದವರಿಗಾಗಿ ಊರಿನ ಜನ ಜೋರಾಗಿ ಓದಿ ಧ್ವನಿ ತುಂಬಿಕೊಟ್ಟಿದ್ದ ಪುಸ್ತಕಗಳೂ ಇಲ್ಲ. ಪರದೆ ಬೋಳು.

* * *

"ಕಂಪ್ಯೂಟರ್ ಎಲ್ಲಿದೆ?" ಇನ್ಸ್‌ಪೆಕ್ಟರ್ ಕೇಳಿದಳು. ಮಾತು ಕಡಿಮೆ, ನೋಟ ಜಾಸ್ತಿ ಇದ್ದ ಹೆಂಗಸು.

"ಇಲ್ಲಿಲ್ಲ ಮೇಡಂ, ಕ್ಲೌಡ್‌ನಲ್ಲಿ. ದೂರದ ಕಂಪನಿಯ ಯಂತ್ರಗಳಲ್ಲಿ ನಮಗೊಂದು ಬಾಡಿಗೆ ಜಾಗ. ಗ್ರಂಥಾಲಯದ ಸಾಫ್ಟ್‌ವೇರನ್ನ ಹೋದ ವಾರವಷ್ಟೇ ಅಲ್ಲಿಗೆ ಏರಿಸಿದ್ವಿ."

"ಕೀಲಿ?"

"ನನ್ನ ಪಾಸ್‌ವರ್ಡ್. ಅದರ ಜತೆಗೆ ನನ್ನ ಫೋನಿಗೊಂದು ಸಂಖ್ಯೆ ಬರತ್ತೆ. ಎರಡೂ ಹಾಕಿದ್ರೇನೇ ಬಾಗಿಲು ತೆರೆಯೋದು."

"ಇನ್ನೊಂದು ಪ್ರತಿ ಇಟ್ಟಿರಲಿಲ್ವಾ?"

ಗ್ರಂಥಪಾಲಕಿ ತಲೆ ತಗ್ಗಿಸಿದಳು. "ಇತ್ತು. ಅದೂ ಅದೇ ಬಾಡಿಗೆ ಜಾಗದಲ್ಲಿತ್ತು. ಎರಡನ್ನೂ ಅಳಿಸಿದಾರೆ. ಹಳೇ ಕ್ಯಾಸೆಟ್‌ಗಳು ಬೂಸ್ಟು ಹಿಡಿದಿದ್ವು, ಎಸೆದುಬಿಟ್ಟಿದ್ವಿ."

"ಯಾರ ಮೇಲಾದ್ರೂ ಅನುಮಾನ?"

"ಮೋಡಪ್ಪ."

ಅದು ಪ್ರೋಗ್ರಾಮರ್‌ಗೆ ಗ್ರಂಥಾಲಯದವರು ಇಟ್ಟ ಅಡ್ಡಹೆಸರು. ಎಲ್ಲವನ್ನೂ ಕ್ಲೌಡಿಗೆ ಏರಿಸಿದವನು ಅವನೇ. ಕೆಲಸ ಮುಗಿಯುವ ಹೊತ್ತಿಗೆ ಅವನಿಗೂ ಗ್ರಂಥಪಾಲಕಿಗೂ ಜಗಳವಾಗಿತ್ತು. "ಇದು ಬಿದ್ದೇ ಬೀಳತ್ತೆ, ನೋಡ್ತಿರಿ" ಎಂದು ಎಲ್ಲರೆದುರು ಕೂಗಾಡಿ ಹೋಗಿದ್ದ.

* * *

ಮೋಡಪ್ಪ ಠಾಣೆಯ ಬೆಂಚಿನ ಮೇಲೆ ಕೈಕಟ್ಟಿ ಕೂತಿದ್ದ. ಮುಖ ಕೆಂಪಗಿತ್ತು.

"ಬೀಳತ್ತೆ ಅಂದಿದ್ದು ನಿಜಾನಾ?"

"ನಿಜ. ತಾನಾಗೇ ಬೀಳತ್ತೆ ಅಂದೆ ಮೇಡಂ, ತಳ್ತೀನಿ ಅನ್ನಲಿಲ್ಲ. ಎರಡನೇ ಪ್ರತಿ ಬೇರೆ ಕಡೆ ಇಡೋಣ ಅಂತ ಬಡ್ಕೊಂಡೆ. ಅವರಿಗೆ ಆತುರ. ರಾಜಧಾನಿಯಿಂದ ದೊಡ್ಡವರು ನೋಡೋಕೆ ಬರೋರಿದ್ರಲ್ಲ!"

"ಪಾಸ್‌ವರ್ಡ್ ಗೊತ್ತಿತ್ತಾ?"

"ನಾನೇ ಹಾಕ್ಕೊಟ್ಟಿದ್ದು. ಆದ್ರೆ ಅವರ ಫೋನಿಗೆ ಬರೋ ಸಂಖ್ಯೆ ನನಗೆ ಕನಸಲ್ಲಿ ಬೀಳತ್ತಾ?"

ಇನ್ಸ್‌ಪೆಕ್ಟರ್‌ಗೂ ಅದೇ ಪ್ರಶ್ನೆ ಕೊರೆಯುತ್ತಿತ್ತು. ಗ್ರಂಥಾಲಯದಲ್ಲಿ ಎಲ್ಲರನ್ನೂ ವಿಚಾರಿಸಿದಳು. ಎಲ್ಲರದ್ದೂ ಒಂದೇ ಮಾತು: ಗ್ರಂಥಪಾಲಕಿ ಫೋನನ್ನು ಒಂದು ಗಳಿಗೆಯೂ ಕೈಬಿಡುವವಳಲ್ಲ.

ಹೊರಡುವಾಗ ಸಂಗೀತದ ಮೇಷ್ಟ್ರು ತಡೆದರು.

"ಏಳನೇ ಧ್ವನಿ ಸಿಗತ್ತಾ ತಾಯಿ? ಓದಿ ಧ್ವನಿ ಕೊಟ್ಟೋರಿಗೆಲ್ಲ ಇಲ್ಲಿ ಒಂದೊಂದು ಸಂಖ್ಯೆ. ಏಳು ಅಂದ್ರೆ ನಮ್ಮ ಗ್ರಂಥಪಾಲಕಿಯ ಅಮ್ಮ. ತೀರಿಹೋಗಿ ಎಷ್ಟೋ ವರ್ಷ ಆಯ್ತು. ಕಥೇಲಿ ಯಾರಾದ್ರೂ ಅತ್ರೆ ಆಕೆಯ ಗಂಟಲೂ ನಡುಗ್ತಿತ್ತು. ಮಕ್ಕಳಿಗೆ ಉಳಿದಿದ್ದು ಅದೊಂದೇ."

* * *

ಗ್ರಂಥಪಾಲಕಿಯ ಮನೆಯಲ್ಲಿ ಇದ್ದದ್ದು ಇಬ್ಬರೇ, ಅವಳು ಮತ್ತು ಅಕ್ಕ. ಅಮ್ಮ ಹೋದ ಮೇಲೆ ತಂಗಿಯನ್ನು ಸಾಕಿ ಓದಿಸಿದವಳು ಅಕ್ಕನೇ. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ, ಬಟ್ಟೆ ಕತ್ತರಿಸುವ ಉದ್ದ ಮೇಜು. ಮೇಜಿನ ತುದಿಯಲ್ಲಿ ತಂಗಿಯ ಲ್ಯಾಪ್‌ಟಾಪ್.

"ಪುಸ್ತಕದ ಹೆಸರುಗಳಲ್ಲಿ ಅರ್ಧ ಟೈಪ್ ಮಾಡಿದ್ದು ಅಕ್ಕಾನೇ ಮೇಡಂ," ಗ್ರಂಥಪಾಲಕಿ ಹೇಳಿದಳು. "ದಿನಾ ಸಂಜೆ ಇಲ್ಲೇ ಕೂತು ನನ್ನ ಜೊತೆ ಎಲ್ಲಾನೂ ಕಲಿತಳು."

ಅಕ್ಕ ಕಾಫಿ ತಂದಿಟ್ಟಳು. ಪ್ರಶ್ನೆಯ ಮೇಲೆ ಪ್ರಶ್ನೆ ಹಾಕಿದಳು. "ಪುಟ್ಟಿ ಕೆಲಸಕ್ಕೆ ಸಂಚಕಾರ ಬರಲ್ಲ ತಾನೇ? ಆ ಮೋಡಪ್ಪನಿಗೆ ಜೈಲಾಗತ್ತಾ? ಪಾಪ, ಬಿಟ್ಟುಬಿಡಿ ಮೇಡಂ. ಹೋಗಿದ್ದು ಹೋಯ್ತು."

ಇನ್ಸ್‌ಪೆಕ್ಟರ್ ಲೋಟ ಕೆಳಗಿಟ್ಟಳು. ಗ್ರಂಥಪಾಲಕಿಯತ್ತ ತಿರುಗಿದಳು.

"ಕಂಪನಿಯವರ ಹತ್ರ ಮಾತಾಡಿದೆ. ಏನೂ ವಾಪಸ್ ಬರಲ್ಲ. ನಿಮ್ಮ ಅಮ್ಮನ ಧ್ವನಿ ಇನ್ನು ಮರೆತುಬಿಡಿ."

ಅಷ್ಟುಹೊತ್ತು ಬಿಗಿಹಿಡಿದಿದ್ದ ಗ್ರಂಥಪಾಲಕಿ ಒಮ್ಮೆಲೇ ಕುಸಿದಳು. ಮೇಜಿನ ಮೇಲೆ ತಲೆಯಿಟ್ಟು ಬಿಕ್ಕಿಬಿಕ್ಕಿ ಅತ್ತಳು.

ಅಕ್ಕನಿಗೆ ತಡೆಯಲಾಗಲಿಲ್ಲ. ತಂಗಿಯ ಬೆನ್ನು ಸವರಿದಳು.

"ಅಳಬೇಡ ಪುಟ್ಟಿ. ಅಮ್ಮನ ಧ್ವನಿ ಎಲ್ಲೂ ಹೋಗಿಲ್ಲ."

ಅಕ್ಕನ ಕೈ ಬೆನ್ನ ಮೇಲೇ ನಿಂತಿತು.

"ಎಲ್ಲಿದೆ?" ಇನ್ಸ್‌ಪೆಕ್ಟರ್ ಮೆಲ್ಲಗೆ ಕೇಳಿದಳು.

ಅಕ್ಕ ಎದ್ದು ನೂಲಿನ ಡಬ್ಬಿ ತೆರೆದಳು. ಗುಂಡಿಗಳ ನಡುವೆ ಬೆರಳುದ್ದದ ಪೆನ್‌ಡ್ರೈವ್ ಇತ್ತು.

* * *

"ಮೊದಲು ನಾನೂ ಮೋಡಪ್ಪನ ಹಿಂದೆಯೇ ಬಿದ್ದೆ," ಇನ್ಸ್‌ಪೆಕ್ಟರ್ ಹೇಳಿದಳು. "ಆದರೆ ಆ ಸಂಖ್ಯೆ ಬಂದದ್ದು ನಿಮ್ಮ ಫೋನಿಗೆ. ಹೊರಗಡೆ ನೀವು ಫೋನ್ ಬಿಡೋರಲ್ಲ. ಅದು ನಿಮ್ಮ ಕೈ ತಪ್ಪೋದು ಈ ಮನೇಲಿ ಮಾತ್ರ. ಸ್ನಾನಕ್ಕೆ ಹೋದಾಗ. ದಿನಾ ಪಕ್ಕದಲ್ಲೇ ಕೂತು ಕಲಿತ ಅಕ್ಕನಿಗೆ ನಿಮ್ಮ ಪಾಸ್‌ವರ್ಡೂ ಗೊತ್ತು. ಅನುಮಾನ ಗಟ್ಟಿಯಾಗಿದ್ದು ಈಗ. ಹೊರಗಿನವರಾದ ಮೇಷ್ಟ್ರೇ ನಿಮ್ಮ ಅಮ್ಮನ ಧ್ವನಿಗೆ ಮರುಗಿದರು. ಹೆತ್ತ ಮಗಳು, ನಿಮ್ಮ ಅಕ್ಕ, ಎಲ್ಲಾ ಕೇಳಿದಳು, ಅದೊಂದನ್ನು ಕೇಳಲಿಲ್ಲ. ತನ್ನ ಹತ್ರ ಇರೋದನ್ನ ಯಾರೂ ಹುಡುಕಲ್ಲ."

ಗ್ರಂಥಪಾಲಕಿ ಅಕ್ಕನನ್ನೇ ನೋಡುತ್ತಿದ್ದಳು. ಕಣ್ಣೀರು ನಿಂತುಹೋಗಿತ್ತು.

"ಯಾಕೆ?"

"ಈ ಕ್ಲೌಡ್ ಕೆಲಸ ಗೆದ್ರೆ ನಿನ್ನನ್ನ ರಾಜಧಾನಿಗೆ ಕರೆಸ್ಕೋತಾರೆ ಅಂತ ಎಲ್ಲರೂ ಅಂತಿದ್ರು," ಅಕ್ಕ ಸೆರಗಿನ ತುದಿ ಹಿಂಡಿದಳು. "ಎಲ್ಲಾ ಊರಿನ ಗ್ರಂಥಾಲಯಾನೂ ನೀನೇ ಏರಿಸ್ತೀಯಂತೆ. ನಿನ್ನ ಬಿಟ್ಟು ನನಗೆ ಯಾರಿದಾರೆ? ಇದೊಂದು ಸಲ ಕೆಟ್ಟುಹೋದ್ರೆ ಸುಮ್ಮನಾಗ್ತಾರೆ ಅಂದ್ಕೊಂಡೆ."

"ಕರೆದಿದ್ರು. ಬೇಡ ಅಂತ ಹೇಳಿಬಿಟ್ಟಿದ್ದೆ ಅಕ್ಕಾ."

ಅಕ್ಕ ಬೆಚ್ಚಿದಳು. "ನನಗೊಂದು ಮಾತು ಹೇಳಲಿಲ್ಲ!"

"'ನನ್ನಿಂದ ತಂಗಿಗೆ ಅಡ್ಡಿಯಾಯ್ತು' ಅಂತ ಕೊರಗ್ತೀಯ ಅಂದ್ಕೊಂಡೆ." ಗ್ರಂಥಪಾಲಕಿ ಎದ್ದು ನಿಂತಳು. "ಅಮ್ಮನದೊಂದನ್ನ ಉಳಿಸ್ಕೊಂಡು ಎಷ್ಟು ಜನರ ಧ್ವನಿ ಅಳಿಸಿಬಿಟ್ಟೆ! ಅವರಿಗೂ ಮಕ್ಕಳಿದಾರೆ. ತಪ್ಪಿಲ್ಲದವನನ್ನ ನಾನು ಠಾಣೇಲಿ ಕೂರಿಸಿದೆ. ಆಗಲೂ ನೀನು ಬಾಯಿ ಬಿಡಲಿಲ್ಲ. ನಾಳೆ ಬರ್ತೀನಿ ಅಂತ ರಾಜಧಾನಿಯವರಿಗೆ ತಿಳಿಸ್ತೀನಿ."

"ಪುಟ್ಟಿ..."

ಗ್ರಂಥಪಾಲಕಿ ಚಪ್ಪಲಿ ಮೆಟ್ಟಿ ಜೀಪಿನತ್ತ ನಡೆದಳು.

ಠಾಣೆಯಲ್ಲಿ ಮೊದಲು ಮೋಡಪ್ಪನ ಎದುರು ನಿಂತು ಕೈಮುಗಿದಳು. ಅವನು ಮುಖ ತಿರುಗಿಸಿಕೊಂಡು ಹೊರಗೆ ನಡೆದ. ಇನ್ಸ್‌ಪೆಕ್ಟರ್ ಹೊಸ ದೂರು ಬರೆದುಕೊಳ್ಳಲು ಕೂತಳು.

"ಆರೋಪಿ ನಿಮಗೆ ಏನಾಗಬೇಕು?"

ಗ್ರಂಥಪಾಲಕಿ ಪೆನ್‌ಡ್ರೈವನ್ನು ಮೇಜಿನ ಮೇಲಿಟ್ಟಳು.

"ಅಕ್ಕ ಆಗಬೇಕಿತ್ತು," ಅಂದಳು.