ಇಬ್ಬರೇ ಕಂಡ ಕಡಲ ದಂಡೆ

ಡಿಸೆಂಬರ್ 14, ಭಾನುವಾರ. ಬೆಳಿಗ್ಗೆ 6.40ಕ್ಕೆ ದುಂಡಸಿಯ ನಿಯಾಜ ಶಿಗ್ಗಾಂವಿ ಠಾಣೆಗೆ ಬಂದು ದೂರು ಕೊಟ್ಟ. ಅವನ ಟ್ರ್ಯಾಕ್ಸ್ ಗಾಡಿಯ ಬ್ರೇಕ್ ಪೈಪನ್ನು ಯಾರೋ ಅರ್ಧ ಕೊಯ್ದಿದ್ದರು. ಅದೇ ಗಾಡಿಯಲ್ಲಿ ಹನ್ನೊಂದು ಮಂದಿ ಘಟ್ಟ ಇಳಿದು, ಕುಮಟಾದ ಆಚೆಯ ಕಡಲ ದಂಡೆಯೊಂದನ್ನು ನೋಡಲು ಹೊರಟಿದ್ದರು.

"ಕೊಯ್ದದ್ದು ಹ್ಯಾಂಗ ಗೊತ್ತಾತು?" ಪಿಎಸ್‌ಐ ನೀಲಾಂಬಿಕಾ ಕೇಳಿದರು.

"ಐದೂ ಹತ್ತಕ್ಕ ಫೋನ್ ಬಂತ್ರಿ ಮೇಡಂ. 'ಗಾಡಿ ತಗೀಬ್ಯಾಡ, ಬ್ರೇಕ್ ನೋಡ್ಕೊ' ಅಂದು ಇಟ್ಬಿಟ್ರು."

"ದನಿ ಯಾರದು?"

ನಿಯಾಜ ನೆಲ ನೋಡಿದ. "ಗುರುತು ಹತ್ತಲಿಲ್ರಿ."

ಆ ತಡವರಿಕೆ ನೀಲಾಂಬಿಕಾರ ಗಮನಕ್ಕೆ ಬಂತು. ಕೊಲೆ ಯತ್ನದ ಎಫ್‌ಐಆರ್ ದಾಖಲಾಯಿತು. 8.15ಕ್ಕೆ ಹೆಡ್ ಕಾನ್‌ಸ್ಟೆಬಲ್ ಚಂದ್ರಪ್ಪ ದುಂಡಸಿಯಲ್ಲಿ ಪಂಚರೆದುರು ಗಾಡಿಯ ಪಂಚನಾಮೆ ಬರೆದ. ಪೈಪಿನ ಕೊಯ್ತ ನೇರವಾಗಿತ್ತು. ಕೈ ಪಳಗಿದವನ ಕೆಲಸ. ಘಟ್ಟದ ತಿರುವಿನಲ್ಲಿ ಜೋರಾಗಿ ಬ್ರೇಕ್ ತುಳಿದಿದ್ದರೆ ಅದು ಹರಿದೇ ಹೋಗುತ್ತಿತ್ತು.

ಕರೆ ಬಂದ ನಂಬರು ಬಸ್ ಸ್ಟ್ಯಾಂಡಿನಲ್ಲಿ ಚಹಾದಂಗಡಿ ಇಟ್ಟಿದ್ದ ಮಂಜವ್ವನದು.

"ನಸುಕಿನ್ಯಾಗ ನಿನ್ನ ಫೋನ್ ಯಾರು ಇಸ್ಕೊಂಡ್ರು, ಯವ್ವಾ?" ನೀಲಾಂಬಿಕಾ ಕೇಳಿದರು.

"ಮೆಕ್ಯಾನಿಕ್ ಪರಮೇಶ್ರಿ. ಥಂಡ್ಯಾಗ ಬಂದಾನ ಅಂತ ಚಾ ಕೊಟ್ಟೆ. ಕುಡೀಲೇ ಇಲ್ಲ."

ಪರಮೇಶ ನಿಯಾಜನ ಬಾಲ್ಯದ ಗೆಳೆಯ. 10.30ಕ್ಕೆ ನೀಲಾಂಬಿಕಾ ಗ್ಯಾರೇಜಿಗೆ ಹೋದಾಗ ಅವನು ಓಡಲಿಲ್ಲ. ಪೈಪು ಕೊಯ್ದ ಬ್ಲೇಡನ್ನು ತಾನಾಗಿಯೇ ತೆಗೆದುಕೊಟ್ಟ.

"ಯಾಕ ಮಾಡಿದಿ?"

"ಆ ದಂಡಿ ಹುಡಿಕಿದ್ದು ನಾನು, ನಿಯಾಜ ಇಬ್ರರಿ. ಅಲ್ಲಿ ಅಂಗಡಿಲ್ಲ, ರಸ್ತಾ ಇಲ್ಲ. ಗುಡ್ಡ ಇಳದು ಹೋಗಬೇಕು. ಮುಂಜಾನಿ ಥಂಡಿ ಗಾಳಿಗೆ ಒಂದ ಚಾದರ ಹೊದಕೊಂಡು ಕುಂದರತಿದ್ವಿ. ನಾಕು ವರ್ಷ ಹೋಗೇವಿ. ಯಾರಿಗೂ ಹೇಳಬಾರದು ಅಂತ ಅವನ ಅಂದಿದ್ದ. ಈಗ ಹೊಸ ದೋಸ್ತರನ್ನ ಕರಕೊಂಡು ಹೊಂಟಾನ. ನಾನೂ ಬರ್ತೇನಿ ಅಂದೆ. ಸೀಟಿಲ್ಲಲೇ ಅಂದ."

"ಮತ್ತ ಫೋನ್ ಯಾಕ ಮಾಡಿದಿ?"

"ಗಾಡಿ ಹೊಡಿಯಾಂವ ಅವನ ಇದ್ನಲ್ರಿ, ಮೇಡಂ."

ಉಳಿದ ಹತ್ತು ಮಂದಿಯ ಮಾತು ಅವನ ಬಾಯಲ್ಲಿ ಬರಲೇ ಇಲ್ಲ.

11.20ಕ್ಕೆ ಬಂಧನ. ಜೀಪು ಠಾಣೆಗೆ ಬಂದಾಗ ನಿಯಾಜ ಇನ್ನೂ ಕಟ್ಟೆಯ ಮೇಲೆ ಕುಳಿತಿದ್ದ.

"ದನಿ ಗುರುತಿತ್ತಲ್ಲ?" ನೀಲಾಂಬಿಕಾ ಮೆಲ್ಲಗೆ ಕೇಳಿದರು.

"ಇತ್ರಿ. ಅವಂದಲ್ಲ ಅಂತ ನೀವರ ಹೇಳ್ತೀರಿ ಅಂದ್ಕೊಂಡಿದ್ದೆ."

ಪರಮೇಶ ಜೀಪಿನಿಂದ ಇಳಿದು ಗೆಳೆಯನ ಮುಂದೆ ನಿಂತ. ತಪ್ಪಾಯಿತು ಎನ್ನಲಿಲ್ಲ.

"ಮಂದಿ ಬ್ಯಾರೆ ಗಾಡಿ ಮಾಡ್ಕೊಂಡು ಹೋದ್ರೇನಲೇ ದಂಡಿಗೆ?"

"ಇಲ್ಲ. ಯಾರೂ ಹೋಗಲಿಲ್ಲ."

ಪರಮೇಶನ ಮುಖ ಒಂದು ಕ್ಷಣ ಸಡಿಲಾಯಿತು. ಕೈಗೆ ಬೇಡಿ ಬಿದ್ದಿದ್ದರೂ ಅವನಿಗೆ ಸಮಾಧಾನವಾದದ್ದನ್ನು ನೀಲಾಂಬಿಕಾ ಕಂಡರು. ಅದನ್ನು ಹೇಳಿಕೆಯಲ್ಲಿ ಬರೆಯಲು ಯಾವ ಕಾಲಮ್ಮೂ ಇರಲಿಲ್ಲ.