ಕತ್ತರಿಸದೆ ಬಿಟ್ಟ ಕೈ

ಹಿತ್ತಾಳೆ ದೀಪದ ಫೋಟೋ ಕೊಟ್ಟು, ಅಂಥದ್ದೇ ಇನ್ನೊಂದು ಹುಡುಕು ಎಂದರೆ ಕಂಪ್ಯೂಟರು ಮೀನಿನ ಬುಟ್ಟಿ ತೋರಿಸಿತು. ಆಮೇಲೆ ಘುಮಟ್ ವಾದ್ಯ. ಆಮೇಲೆ ಮರದ ಗೊಂಬೆ.

"ಏನ್ರಿ ವಿಕ್ರಮ್ ಇದು? ನಿಮ್ಮ ಮಷಿನ್‌ಗೆ ದೀಪ ಯಾವುದು, ಬುಟ್ಟಿ ಯಾವುದು ಗೊತ್ತಾಗೂದಿಲ್ಲೇನು?" ಮೃದುಲಾ ನಕ್ಕಳು.

ಪಣಜಿಯ ಆ ಮ್ಯೂಸಿಯಂನಲ್ಲಿ ಹಳೆಯ ವಸ್ತುಗಳನ್ನು ಚಿತ್ರ ನೋಡಿಯೇ ಹುಡುಕಿಕೊಡುವ ಡೀಪ್ ಲರ್ನಿಂಗ್ ಪ್ರೋಗ್ರಾಂ ತಯಾರಿಸುತ್ತಿದ್ದವನು ಬೆಳಗಾವಿಯ ವಿಕ್ರಮ. ಅಲ್ಲಿಯೇ ಕೆಲಸಕ್ಕಿದ್ದ ಧಾರವಾಡದ ಮೃದುಲಾ ಒಂದೊಂದು ವಸ್ತುವನ್ನೂ ಕ್ಯಾಮೆರಾ ಮುಂದೆ ಹಿಡಿಯಬೇಕು. ಅವನು ಫೋಟೋ ತೆಗೆದು, ಹಿಡಿದ ಕೈಯನ್ನು ಕತ್ತರಿಸಿ ಹಾಕಿ, ಉಳಿದದ್ದನ್ನು ಕಂಪ್ಯೂಟರಿಗೆ ಕಲಿಸಬೇಕು. ಆರು ತಿಂಗಳು ಹೀಗೇ ನಡೆದಿತ್ತು. ನಡುನಡುವೆ ಇಬ್ಬರೂ ಕದ್ದು ನೋಡಿದ್ದೇ ನೋಡಿದ್ದು, ಬಾಯಿ ಮಾತ್ರ ಯಾರೂ ಬಿಡಲಿಲ್ಲ.

ಈ ಭಾನುವಾರ ಅವಳನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಫೋನಿನಲ್ಲಿ ಅದನ್ನು ಬೇಕೆಂದೇ ಎರಡು ಸಲ, ಅವನ ಕಿವಿಗೆ ಬೀಳುವಂತೆ ಹೇಳಿದ್ದಳು. ಪುಣ್ಯಾತ್ಮ ಚಹಾ ಕುಡಿಯುತ್ತಾ ಕೂತಿದ್ದ.

ಮೃದುಲಾ ಪರದೆಯ ಮೇಲಿನ ಚಿತ್ರಗಳನ್ನು ದೊಡ್ಡದು ಮಾಡಿದಳು. ಬುಟ್ಟಿಯ ಅಂಚಿನಲ್ಲಿ ಹಸಿರು ಬಳೆಯ ಕೈ. ಘುಮಟ್ ಕೆಳಗೂ ಅದೇ ಕೈ. ದೀಪಕ್ಕೂ ಅದೇ. ಮಷಿನ್ ಹುಡುಕುತ್ತಿದ್ದದ್ದು ದೀಪವನ್ನಲ್ಲ, ಅವಳ ಕೈಯನ್ನು.

"ನಾ ರಜಾ ಇದ್ದಾಗ ಆಯಾ ದೇವಿಬಾಯಿ ಹಿಡಿದ ಫೋಟೋದಾಗ ಕೈ ಇಲ್ಲ. ನನ್ನದಷ್ಟೇ ಯಾಕ್ರಿ ಉಳದೈತಿ?"

ವಿಕ್ರಮನ ಕಿವಿ ಕೆಂಪಾದವು. "ಕತ್ತರಿಸಾಕ ಮನಸ್ಸು ಬರಲಿಲ್ರಿ."

"ಒಂದರಾಗೂ?"

"ಒಂದರಾಗೂ. ನಾನೂರಾ ಹನ್ನೆರಡು ಫೋಟೋ. ಈಗ ಎಲ್ಲಾ ಮೊದಲಿಂದ ಮಾಡಬೇಕು."

ಅವಳಿಗೆ ನಗುವೂ ಬಂತು, ಸಿಟ್ಟೂ ಬಂತು. "ಮಷಿನ್‌ಗೆ ಆರು ತಿಂಗಳಿಂದ ಹೇಳಾಕತ್ತೀರಿ. ನನಗ ಯಾವಾಗ ಹೇಳಾವ್ರಿದ್ರಿ? ಭಾನುವಾರ ಆದ ಮ್ಯಾಲೆ?"

ವಿಕ್ರಮ ಕುರ್ಚಿ ಸರಿಸಿ ಎದ್ದು ನಿಂತ. ಕಿಟಕಿಯಾಚೆ ಮಾಂಡವಿ ನದಿಯಲ್ಲಿ ಫೆರಿಯೊಂದು ದಡ ಬಿಡುತ್ತಿತ್ತು.

"ನಿಮ್ಮ ಮ್ಯಾಲೆ ಭಾಳ ಪ್ರೀತಿ ಐತ್ರಿ, ಮೃದುಲಾ. ಹೇಳಾಕ ಹೆದರಿಕಿ ಇತ್ತು. ನಿಮಗೂ ಮನಸ್ಸಿದ್ರ, ಶನಿವಾರನ ಅಪ್ಪ-ಅವ್ವನ್ನ ಕರಕೊಂಡು ನಿಮ್ಮ ಮನಿಗೆ ಬರ್ತೀನಿ."

ಎಷ್ಟೋ ದಿನದಿಂದ ಕಾದಿದ್ದ ಮಾತು. ಅವಳ ಕಣ್ಣು ತುಂಬಿದವು. ಅವನ ಎದುರಿಗೇ ಮನೆಗೆ ಫೋನ್ ಹಚ್ಚಿದಳು.

"ಅವ್ವಾ, ಭಾನುವಾರದವರಿಗೆ ಬ್ಯಾಡ ಅಂತ ಹೇಳಿಬಿಡು. ಶನಿವಾರ ಬೆಳಗಾವಿಯಿಂದ ಮೂರು ಮಂದಿ ಬರ್ತಾರ." ಆ ಕಡೆಯಿಂದ ಅವ್ವ ಏನೋ ಗಾಬರಿಯಾಗಿ ಕೇಳಿದರು. ಮೃದುಲಾ ವಿಕ್ರಮನನ್ನು ನೇರವಾಗಿ, ಮೊದಲ ಸಲ ಕದಿಯದೆ ನೋಡಿದಳು.

"ಹೂಂ, ಹುಡುಗನ್ನ ನಾ ನೋಡೀನಿ. ಚಲೋ ಅದಾನ."